ಹೆಲಾನ್ ಬೆಟ್ಟದ ಮೂರು ಬಣ್ಣದ ಟಗರು

ಸಂಜೆ ನಾಲ್ಕು ಗಂಟೆಯೊಳಗೆ ಟಗರನ್ನು ಹೆಲಾನ್ ಬೆಟ್ಟದಿಂದ ಇಳಿಸಬೇಕಾಗಿತ್ತು. ನಾವು ಇಳಿಸದಿದ್ದರೆ ಸೇನೆಯ ಫಿರಂಗಿಗಳು ಇಳಿಸುತ್ತಿದ್ದವು. ಹಾಗೆ ಇಳಿದ ಟಗರು ಕುರಿಗಳ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಗುರುವಾರ ಬೆಳಿಗ್ಗೆ ಈ ಸುದ್ದಿಯನ್ನು ಸೇನೆಯ ಠಾಣೆಯಿಂದ ತಂದವನು ಚೆತೋ. ನಮ್ಮ ಕಾನಿಸ್ಪಿ ಊರಿಗೆ ಅವನೇ ಸರ್ಕಾರಿ ಕಾವಲುಗಾರ. ಗಡಿಯ ಬೆಟ್ಟಗಳಲ್ಲಿ ಅಡಗಿರುವ ಕುರ್ದ್ ಬಂಡುಕೋರರಿಂದ ಊರನ್ನು ಕಾಯಲೆಂದು ಟರ್ಕಿ ಸರ್ಕಾರ ಅವನಿಗೊಂದು ಬಂದೂಕು, ಒಂದು ದಪ್ಪ ಕೋಟು, ತಿಂಗಳ ಸಂಬಳ ಕೊಟ್ಟಿತ್ತು. ಊರಿಡೀ ಕುರ್ದರೇ, ಚೆತೋ ಕೂಡ ಕುರ್ದನೇ, ಬಂಡುಕೋರರಾಗಿ ಬೆಟ್ಟ ಹತ್ತಿದವರಲ್ಲಿ ಅರ್ಧ ಜನ ಅವನ ನೆಂಟರೇ. ಹೀಗಾಗಿ ಹನ್ನೊಂದು ವರ್ಷದಲ್ಲಿ ಆ ಬಂದೂಕು ಹಾರಿದ್ದು ಮದುವೆಗಳಲ್ಲಿ ಮಾತ್ರ.

ಟಗರಿನ ಒಡತಿ ಬೆಸ್ನಾ, ಚೆತೋನ ಸತ್ತ ಅಣ್ಣನ ಹೆಂಡತಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಚೆತೋ ಏದುಸಿರು ಬಿಡುತ್ತಾ ಬಂದಾಗ ಅವಳು ತೊಗಲಿನ ಚೀಲ ತೂಗಿ ಮಜ್ಜಿಗೆ ಕಡೆಯುತ್ತಿದ್ದಳು. ಸುದ್ದಿ ಕೇಳಿಯೂ ಕೈ ನಿಲ್ಲಿಸಲಿಲ್ಲ.

"ಒಂದು ಟಗರಿಗೆ ಫಿರಂಗಿನಾ?" ಎಂದಳು. "ನಿಮ್ಮ ಕಮಾಂಡರಿಗೆ ಮದುವೆ ಆಗಿದ್ಯೇನೋ?"

"ಇನ್ನೂ ಇಲ್ಲ ಅತ್ತಿಗೆ."

"ಅದಕ್ಕೇ ಮತ್ತೆ."

ತಪ್ಪು ನಡೆದಿದ್ದು ಮಾತ್ರ ಬೆಸ್ನಾಳ ಕೈಯಿಂದಲೇ. ನಮ್ಮಲ್ಲಿ ಬೇಸಗೆಯಿಡೀ ಟಗರನ್ನು ಕುರಿಗಳಿಂದ ಬೇರೆ ಕಟ್ಟುತ್ತಾರೆ. ಅಕ್ಟೋಬರ್ ಮುಗಿಯುವಾಗ ಒಂದು ಶುಕ್ರವಾರ ಗೊತ್ತುಮಾಡಿ, ಅದಕ್ಕೆ ಬಣ್ಣ ಹಚ್ಚಿ, ಕೊಂಬಿಗೆ ಸೇಬು ಚುಚ್ಚಿ, ಹಣೆಗೆ ಕನ್ನಡಿ, ಕೊರಳಿಗೆ ಗಂಟೆ ಕಟ್ಟಿ, ಮದುಮಗನ ಹಾಗೆ ಮೆರೆಸಿ ಹಿಂಡಿನೊಳಗೆ ಬಿಡುತ್ತಾರೆ. ಆ ಹೊತ್ತಿಗೆ ಬಿಟ್ಟರೆ ಮರಿಗಳು ಹಿಮ ಕರಗಿ ಹುಲ್ಲು ಚಿಗುರುವಾಗ ಹುಟ್ಟುತ್ತವೆ. ತಪ್ಪಿದರೆ ಆ ವರ್ಷದ ಕತೆ ಮುಗಿಯಿತು. ಬೆಸ್ನಾ ಈ ಸಲ ಆತುರಪಟ್ಟು ಮೂರು ದಿನ ಮುಂಚೆಯೇ ಸಿಂಗಾರ ಶುರುಮಾಡಿದ್ದಳು. ಕಂಬಳಿಯ ನೂಲಿಗೆ ಹಾಕುವ ಕೆಂಪು ಬೇರು ಮನೆಯಲ್ಲಿತ್ತು. ಈರುಳ್ಳಿ ಸಿಪ್ಪೆ ಕುದಿಸಿದ ಹಳದಿಯೂ ಇತ್ತು. ಇನ್ನೊಂದು ಬಣ್ಣವಿದ್ದರೆ ಚೆನ್ನ ಎಂದಾಗ ಮುಲ್ಲಾ ಸಾಹೇಬರು ಮಸೀದಿ ಬಾಗಿಲಿಗೆ ತರಿಸಿ ಉಳಿದಿದ್ದ ಹಸಿರು ಪುಡಿಯನ್ನು ಪುಣ್ಯಕ್ಕೆಂದು ಕೊಟ್ಟರು. ಮೂರನ್ನೂ ಕುರಿಬಾಲದ ಕೊಬ್ಬಿನಲ್ಲಿ ಕಲಸಿ, ಎದೆಯಿಂದ ಬೆನ್ನಿನವರೆಗೆ ಪಟ್ಟೆ ಪಟ್ಟೆಯಾಗಿ ಬಳಿದಳು. ಸೇಬು, ಕನ್ನಡಿ, ಗಂಟೆಯನ್ನೂ ಅವತ್ತೇ ಕಟ್ಟಿಬಿಟ್ಟಳು.

ಕೆಂಪು, ಹಳದಿ, ಹಸಿರು. ಬಂಡುಕೋರರ ಬಾವುಟದ ಬಣ್ಣ. ಸಂತೆಯಲ್ಲಿ ಟೊಮೇಟೊ, ನಿಂಬೆ, ಮೆಣಸಿನಕಾಯಿ ಒಂದೇ ಬುಟ್ಟಿಯಲ್ಲಿಟ್ಟವನೂ ಅತ್ತಿತ್ತ ನೋಡಿಕೊಳ್ಳುತ್ತಿದ್ದ ಕಾಲ ಅದು. ಬೆಸ್ನಾ ನೋಡುತ್ತಿದ್ದದ್ದು ಟಗರನ್ನು, ಬಾವುಟವನ್ನಲ್ಲ.

ಅದೇ ಮಧ್ಯಾಹ್ನ ಸೇನೆಯ ಹೆಲಿಕಾಪ್ಟರ್ ಮಾಳಿಗೆ ಸವರಿಕೊಂಡು ಹೋಯಿತು. ಮೀರೋ ಹಗ್ಗ ಕಿತ್ತುಕೊಂಡು ಓಡಿತು. ಮೀರೋ ಎಂದರೆ ಟಗರಿನ ಹೆಸರು. ಓಡಿದ್ದು ನೇರ ಮೇಲಕ್ಕೆ, ಇರಾಕಿನ ಗಡಿಯ ಕಡೆಗೆ. ಆ ಶರತ್ಕಾಲದಲ್ಲಿ ಬಂಡುಕೋರರನ್ನು ಅಟ್ಟಿಸಿಕೊಂಡು ಸೇನೆ ಗಡಿ ದಾಟುತ್ತದೆ, ಇಂದು ದಾಟುತ್ತದೆ, ನಾಳೆ ದಾಟುತ್ತದೆ ಎಂದು ರೇಡಿಯೋ ದಿನವೂ ಬಡಿದುಕೊಳ್ಳುತ್ತಿತ್ತು. ಎಲ್ಲರಿಗಿಂತ ಮೊದಲು ದಾಟಿದ್ದು ಮೀರೋ.

ಬೇರೆಯವರಿಗೆ ಇದು ನಗೆಪಾಟಲು, ಬೆಸ್ನಾಗೆ ಪ್ರಾಣಸಂಕಟ. ಬೇಸಗೆಯ ಹುಲ್ಲುಗಾವಲಿಗೆ ಸೇನೆ ಬೇಲಿ ಹಾಕಿದ ಮೇಲೆ ಅವಳು ಅರ್ಧ ಹಿಂಡನ್ನು ಮಾರಿದ್ದಳು. ಉಳಿದದ್ದು ಮೂವತ್ತೆಂಟು ಕುರಿ, ಒಂದೇ ಟಗರು. ವಾನ್ ಪಟ್ಟಣದಲ್ಲಿದ್ದ ಅವಳ ತಮ್ಮ ಶೆಮ್ದಿನ್ ಒಂದೇ ಮಾತು ಹೇಳಿದ್ದ: ಬರುವ ವಸಂತಕ್ಕೆ ಮರಿಗಳಿರುತ್ತವೆ ಅಂತಾದರೆ ಊರಲ್ಲಿರು, ಇಲ್ಲವಾದರೆ ನವೆಂಬರಿನಲ್ಲಿ ಲಾರಿ ತರುತ್ತೇನೆ, ಕುರಿ ಸಂತೆಗೆ, ನೀನು ನಮ್ಮ ಮೂರನೇ ಮಹಡಿಗೆ. ಬೆಸ್ನಾ ಆ ಮೂರನೇ ಮಹಡಿಯನ್ನು ಒಮ್ಮೆ ನೋಡಿ ಬಂದಿದ್ದಳು. ಅಲ್ಲಿ ಕಿಟಕಿ ತೆರೆದರೆ ಎದುರಿನವರ ಕಿಟಕಿ ಕಾಣುತ್ತಿತ್ತು.

ಅವಳು ಚೀಲ ಕೆಳಗಿಳಿಸಿ ತಲೆಗೆ ಕಟ್ಟಿದ ಬಟ್ಟೆ ಬಿಗಿದಳು. "ಫೆಕೋ ದೊಡ್ಡಪ್ಪನ್ನ ಕರಿ," ಎಂದಳು. "ಕೆಜೆನೂ ಹಿಡ್ಕೊಂಡು ಬಾ."

ಫೆಕೋ ಎಪ್ಪತ್ತರ ಹತ್ತಿರದ ಕುರುಬ. ದಾರಿ ತಪ್ಪಿದೆ ಎಂದು ಜನ್ಮದಲ್ಲಿ ಒಪ್ಪಿಕೊಂಡವನಲ್ಲ. ಒಮ್ಮೆ ಮಂಜಿನಲ್ಲಿ ಸಿಕ್ಕಿ ಮೂರು ದಿನ ಇರಾಕಿನೊಳಗೆ ಅಲೆದು ಬಂದಾಗಲೂ, ಸ್ವಲ್ಪ ಸುತ್ತು ಹಾಕಿಕೊಂಡು ಬಂದೆ ಎಂದಿದ್ದ. ಕೆಜೆ ಎಂದರೆ ಹಿಂಡಿನಲ್ಲೇ ಚೆಂದದ ಹೊಂಬಣ್ಣದ ಕುರಿ. ತೊಂಬತ್ತು ಕಿಲೋ ತೂಗುವ ಟಗರನ್ನು ಎಳೆದು ತರಲು ಆಗುವುದಿಲ್ಲ, ಅದಾಗಿಯೇ ಬರಬೇಕು. ಬರುವುದಾದರೆ ಕೆಜೆಯ ಹಿಂದೆ ಬರುತ್ತದೆ. ಕೆಜೆಯನ್ನು ಹೊರುವವನು ಚೆತೋ ಎಂದು ಬೆಸ್ನಾ ತೀರ್ಮಾನಿಸಿದಳು. ಸರ್ಕಾರಿ ಕೋಟಿಗೆ ಉಣ್ಣೆ ಅಂಟಿದರೇನು ಗತಿ ಎಂದು ಅವನು ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಟ್ಟದ ದಾರಿ ಠಾಣೆಯ ಮುಂದೆಯೇ ಹೋಗುತ್ತಿತ್ತು. ಅಲ್ಲಿನ ಕಮಾಂಡರ್ ಲೆಫ್ಟಿನೆಂಟ್ ತಾಯ್ಲಾನ್ ಮರಳಿನ ಮೂಟೆಗಳ ಮೇಲೆ ಕೂತು ಕಾಯುತ್ತಿದ್ದ. ದೂರದ ಕಡಲತೀರದವನು, ಆಲಿವ್ ತೋಟದ ಮನೆಯವನು, ಇಪ್ಪತ್ನಾಲ್ಕರ ಹುಡುಗ. ಅವನನ್ನು ಕಂಡಕೂಡಲೇ ಬೆಸ್ನಾ ಕುರ್ದಿಯಲ್ಲಿ ಶುರುಹಚ್ಚಿದಳು. ಅವನ ಹೆಲಿಕಾಪ್ಟರು, ಅವನ ಫಿರಂಗಿ, ಹುಲ್ಲುಗಾವಲಿನ ಬೇಲಿ, ಕೊನೆಗೆ ಅವನ ಬೋಳು ಗಲ್ಲ, ಯಾವುದನ್ನೂ ಬಿಡಲಿಲ್ಲ. ತಾಯ್ಲಾನ್‌ಗೆ ಕುರ್ದಿ ಬರುತ್ತಿರಲಿಲ್ಲ. ಏನು ಹೇಳುತ್ತಿದ್ದಾರೆ ಎಂದು ಚೆತೋನನ್ನು ಕೇಳಿದ.

"ಸಲಾಂ ಹೇಳ್ತಿದಾಳೆ ಸಾಹೇಬ್ರೇ," ಎಂದ ಚೆತೋ.

"ಇಷ್ಟುದ್ದ?"

"ಮನೆಯವರಿಗೆಲ್ಲ ಸೇರಿಸಿ ಹೇಳ್ತಿದಾಳೆ."

ತಾಯ್ಲಾನ್ ತನ್ನ ಕಷ್ಟ ತೋಡಿಕೊಂಡ. ಎರಡು ದಿನದಿಂದ ಶಿಖರದ ಹತ್ತಿರ ಮೂರು ಬಣ್ಣದ ವಸ್ತುವೊಂದು ಓಡಾಡುತ್ತಿತ್ತು. ಅದರ ಹಣೆಯಿಂದ ಬೆಳಕು ಮಿನುಗುತ್ತಿತ್ತು. ಸಾರ್ಜೆಂಟ್ ಒಬ್ಬ ಶ್ರದ್ಧೆಯಿಂದ ಆ ಮಿನುಗನ್ನೆಲ್ಲ ತಂತಿ ಸಂಕೇತದ ಹಾಗೆ ಉದ್ದ, ಗಿಡ್ಡ, ಗಿಡ್ಡ, ಉದ್ದ ಎಂದು ಬರೆದುಕೊಂಡು ಮೇಲಿನವರಿಗೆ ಕಳಿಸಿದ. ಅಲ್ಲಿನ ಜಾಣನೊಬ್ಬ ಅದನ್ನು ಬಿಡಿಸಿ, 'ಸೇತುವೆ, ಶುಕ್ರವಾರ' ಎಂದು ಅರ್ಥ ಹೊರಡಿಸಿದ. ಟಗರು ನಿಂತು ಮೆಲುಕು ಹಾಕಿದ್ದಕ್ಕೆ ಸೇತುವೆಗೆ ಇನ್ನೂರು ಜನರ ಕಾವಲು ಬಿತ್ತು, ಬೆಟ್ಟಕ್ಕೆ ಫಿರಂಗಿ ಗುರಿಯಿಟ್ಟಿತು.

"ಅದು ಟಗರು ಅಂತ ನನಗೆ ಗೊತ್ತು," ಎಂದ ತಾಯ್ಲಾನ್ ತಗ್ಗಿದ ದನಿಯಲ್ಲಿ. "ಆದರೆ ನಾನು ಕಳಿಸಿರೋ ವರದಿಗಳಿಗೆ ಗೊತ್ತಿಲ್ಲ. ನಾಲ್ಕು ಗಂಟೆಯೊಳಗೆ ಆ ಬೆಟ್ಟದ ಮೇಲೆ ಏನೂ ಮಿನುಗಬಾರದು. ಹೋಗಿ ಬನ್ನಿ."

ಆಗ ಒಂಬತ್ತೂವರೆ.

ಮೊದಲ ಎರಡು ಗಂಟೆ ಹೊಳೆಯ ಕಮರಿಯಲ್ಲಿ ನಡೆದರು. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಮೊಣಕಾಲುದ್ದದ ಹಿಮದ ನೀರು. ದಡದಲ್ಲಿ ಕಾಡು ಅಕ್ರೋಟ ಮರಗಳು ಎಲೆ ಉದುರಿಸಿಕೊಂಡು ನಿಂತಿದ್ದವು, ಬಿದ್ದ ಕಾಯಿಗಳನ್ನು ಫೆಕೋ ನಡೆಯುತ್ತಲೇ ಹೆಕ್ಕಿ ಅಂಗಿಗೆ ತುಂಬಿಕೊಂಡ. ಕಮರಿ ಮುಗಿದಲ್ಲಿಂದ ಬೆಟ್ಟ ಎದ್ದು ನಿಂತಿತ್ತು. ಕೆಳಗೆ ಕಂದು ಹುಲ್ಲು, ನಡುವೆ ಬೂದು ಕಲ್ಲಿನ ಜಾರು, ಮೇಲೆ ಆಗಷ್ಟೇ ಬಿದ್ದ ಮೊದಲ ಹಿಮದ ತೆಳು ಬಿಳುಪು. ಗಾಳಿಯಲ್ಲಿ ಒಣಗಿದ ಸೋಂಪಿನ ಗಿಡದ ವಾಸನೆಯಿತ್ತು. ಆರು ವರ್ಷದ ಹಿಂದಿನವರೆಗೆ ಇಡೀ ಊರು ಬೇಸಗೆಗೆ ಇಲ್ಲೇ ಗುಡಾರ ಹಾಕುತ್ತಿತ್ತು. ಈಗ ಗುಡಾರದ ಕಲ್ಲುಗಳ ನಡುವೆ ಮುಳ್ಳು ಬೆಳೆದಿತ್ತು. ಬೆಸ್ನಾ ತನ್ನ ಒಲೆಯ ಜಾಗ ಕಂಡು ಒಂದು ಗಳಿಗೆ ನಿಂತಳು.

ಚೆತೋ ಕೆಜೆಯನ್ನು ಹೆಗಲ ಮೇಲೆ ಹೊತ್ತು, ಬಂದೂಕನ್ನು ಕೊರಳಿಗೆ ನೇತುಹಾಕಿಕೊಂಡು ಬರುತ್ತಿದ್ದ. ಕೆಜೆ ಅವನ ಟೋಪಿಯ ಅಂಚನ್ನು ನಿಧಾನವಾಗಿ ತಿಂದು ಮುಗಿಸಿತು.

ಹುಲ್ಲಿನ ಏರು ಮುಗಿದಲ್ಲಿ ತುಕ್ಕು ಹಿಡಿದ ತಂತಿ, ಅದಕ್ಕೊಂದು ತಲೆಬುರುಡೆಯ ಫಲಕ. ಆಚೆಗೆ ಇನ್ನೂರು ಹೆಜ್ಜೆಯ ಬೋಳು ಇಳಿಜಾರು. ಅಲ್ಲಿ ನೆಲಬಾಂಬುಗಳಿದ್ದವು. ಯಾರು ಯಾವಾಗ ಹೂತರೋ ಯಾರೂ ಹೇಳುತ್ತಿರಲಿಲ್ಲ, ಎಲ್ಲಿ ಹೂತರು ಎಂಬುದು ಹೂತವರಿಗೂ ಮರೆತಿತ್ತು.

"ಮೀರೋ ಇಲ್ಲೇ ದಾಟಿದಾನೆ," ಎಂದ ಫೆಕೋ. ತಂತಿಗೆ ಹಸಿರು ಉಣ್ಣೆ ಸಿಕ್ಕಿಕೊಂಡಿತ್ತು.

"ಹಾಗಾದರೆ ಸುತ್ತಿ ಹೋಗೋಣ," ಎಂದ ಚೆತೋ.

ಸುತ್ತಲು ಒಂದು ದಿನ ಬೇಕಿತ್ತು. ಫೆಕೋ ಮಂಡಿಯೂರಿ ನೆಲ ನೋಡಿದ. ಮೊನ್ನೆಯ ಮಳೆಗೆ ಮಣ್ಣು ಮೆತ್ತಗಾಗಿತ್ತು, ಅದರಲ್ಲಿ ಗೊರಸಿನ ಗುರುತು ಎದ್ದು ಕಾಣುತ್ತಿತ್ತು. ಗುರುತು ಅಳಿಸಿದ ಕಲ್ಲಿನ ಕಡೆ ಹಿಕ್ಕೆ ಬಿದ್ದಿತ್ತು. ತೊಂಬತ್ತು ಕಿಲೋ ತೂಕದ ಮೀರೋ ಕಾಲಿಟ್ಟಲ್ಲಿ ಸಿಡಿಯದ ನೆಲ ನಮ್ಮ ಕಾಲಿಗೂ ಸಿಡಿಯದು ಎಂದು ಫೆಕೋ ಲೆಕ್ಕ ಹಾಕಿದ. ಚೆತೋ ಮತ್ತು ಕೆಜೆ ಸೇರಿ ತೊಂಬತ್ತಕ್ಕಿಂತ ಹೆಚ್ಚಲ್ಲವೇ ಎಂದು ಬೆಸ್ನಾ ಕೇಳಿದಳು. ಚೆತೋ ಬೆವರಿದ.

ಅವರು ಒಬ್ಬರ ಹಿಂದೆ ಒಬ್ಬರು ಹೊರಟರು.

ಫೆಕೋ ಮುಂದೆ. ಗೊರಸು, ಹೆಜ್ಜೆ. ಗೊರಸು, ಹೆಜ್ಜೆ.

"ಇಲ್ಲಿ ಹಿಕ್ಕೆ. ಬನ್ನಿ."

ಒಂದು ಕಡೆ ಮೀರೋ ಸುಮ್ಮನೆ ನಾಲ್ಕು ಸುತ್ತು ಸುತ್ತಿತ್ತು. ಅವರೂ ಸುತ್ತಿದರು. ಇನ್ನೊಂದು ಕಡೆ ಎರಡು ಗಜ ನೆಗೆದಿತ್ತು. ಬೆಸ್ನಾ ಲಂಗ ಎತ್ತಿಕಟ್ಟಿ ನೆಗೆದಳು. ಚೆತೋ ಕಣ್ಣು ಮುಚ್ಚಿ ನೆಗೆದ. ಕೆಜೆ ಅವನ ಕಿವಿಯಲ್ಲಿ ಬ್ಯಾ ಎಂದಿತು.

ಇನ್ನೂರು ಹೆಜ್ಜೆಗೆ ಮುಕ್ಕಾಲು ಗಂಟೆ ಹಿಡಿಯಿತು. ದಾಟಿದ ಮೇಲೆ ಮೂವರೂ ಕೂತು ಫೆಕೋನ ಅಕ್ರೋಟ ತಿಂದರು. ಹಿಕ್ಕೆಯನ್ನು ಇಷ್ಟು ಭಕ್ತಿಯಿಂದ ಯಾವತ್ತೂ ನೋಡಿರಲಿಲ್ಲ ಎಂದ ಚೆತೋ.

ಶಿಖರದ ಕೆಳಗೆ ಗಡಿಕಲ್ಲು ಇತ್ತು. ಅದರಾಚೆ ಮೂವತ್ತು ಹೆಜ್ಜೆಯಲ್ಲಿ ಇರಾಕಿನ ನೆಲದ ಮೇಲೆ ಒಂದು ಗುಹೆ. ಹಿಂದೆ ಹುಲ್ಲುಗಾವಲಿನ ಕಾಲದಲ್ಲಿ ಮಳೆ ಬಂದರೆ ಟಗರುಗಳನ್ನು ಕೂಡುತ್ತಿದ್ದದ್ದು ಅಲ್ಲೇ. ಗಾಳಿಯಲ್ಲಿ ಗಂಟೆಯ ಸದ್ದು ಕೇಳಿತು. ಬೆಸ್ನಾಳ ಮುಖ ಅರಳಿತು. ಮೀರೋ ತನ್ನ ಹಳೇ ಮನೆಗೇ ಹೋಗಿತ್ತು.

ಚೆತೋ ಮಾತ್ರ ಕಲ್ಲಿನ ಮುಂದೆ ನಿಂತುಬಿಟ್ಟ. ತಾನು ಸರ್ಕಾರದ ಮನುಷ್ಯ, ಇದು ಸರ್ಕಾರದ ಬಂದೂಕು, ಇದನ್ನು ಹಿಡಿದು ಆಚೆ ಕಾಲಿಟ್ಟರೆ ಯುದ್ಧ ಸಾರಿದ ಹಾಗೆ ಎಂದ. ಇಡೀ ಸೇನೆ ಒಂದು ತಿಂಗಳಿಂದ ಯೋಚಿಸುತ್ತಿರುವ ಕೆಲಸವನ್ನು ತಾನೊಬ್ಬ ಕುರಿ ಹೊತ್ತುಕೊಂಡು ಮಾಡುವುದು ಸರಿಯಲ್ಲ ಎಂದ.

"ಬಂದೂಕು ಇಲ್ಲಿಡು, ಕುರಿ ಹೊತ್ಕೊಂಡು ಬಾ," ಎಂದಳು ಬೆಸ್ನಾ.

ಅವನು ಬಂದೂಕನ್ನು ಕಲ್ಲಿಗೆ ಒರಗಿಸಿ, ಮೇಲೊಂದು ಕರವಸ್ತ್ರ ಹೊದಿಸಿ ಬಂದ.

ಗುಹೆಯ ಬಾಯಿಗೆ ಅಡ್ಡವಾಗಿ ಮೀರೋ ನಿಂತಿತ್ತು. ಕೊಂಬಿನಲ್ಲಿ ಇನ್ನೂ ಒಂದು ಸೇಬು ಉಳಿದಿತ್ತು. ಬೆಸ್ನಾ ಬಾಯಿಂದ ಚಪ್ಪರಿಸಿ ಕರೆದಳು. ಟಗರು ತಿರುಗುವ ಮೊದಲು ಗುಹೆಯೊಳಗಿಂದ ಹೆಣ್ಣಿನ ಕೂಗು ಬಂತು.

"ಅಲ್ಲೇ ನಿಲ್ಲಿ. ಅದರ ಹತ್ತಿರ ಹೋಗ್ಬೇಡಿ, ಅದು ಸೇನೆಯವರ ಯಂತ್ರ. ಹಣೇಲಿ ಕ್ಯಾಮೆರಾ ಇದೆ. ಗಂಟೇಲಿ ಬಾಂಬಿರಬಹುದು."

"ಯಾವ ಯಂತ್ರ?" ಎಂದಳು ಬೆಸ್ನಾ. "ನನ್ನ ಟಗರು ಕಣೇ ಅದು."

ಒಳಗಿನ ಕತ್ತಲಲ್ಲಿ ಒಂದು ತಲೆ ಇಣುಕಿತು. ಆಮೇಲೆ ಅದೇ ದನಿ ಮೆಲ್ಲಗೆ, "ಬೆಸ್ನಾ ಅತ್ತೆ?" ಎಂದಿತು.

ಗುಹೆಯಲ್ಲಿದ್ದದ್ದು ಮೂವರು ಬಂಡುಕೋರರು. ಇಬ್ಬರು ಗಡ್ಡದವರು, ಅವರ ನಾಯಕಿ ಸೋಸಿನ್. ಸೋಸಿನ್ ಬೇರೆ ಯಾರೂ ಅಲ್ಲ, ಚೆತೋನ ಅಕ್ಕನ ಮಗಳು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ನೀರಿಗೆಂದು ಹೋದವಳು ಬೆಟ್ಟ ಹತ್ತಿದ್ದಳು. ಈಗ ಇಡೀ ಗಡಿ ಹುಡುಕುತ್ತಿದ್ದ ಆ ಮೂವರನ್ನು ಒಂದು ಟಗರು ಒಂದೂವರೆ ದಿನದಿಂದ ಗುಹೆಯಲ್ಲಿ ಕೂಡಿಹಾಕಿತ್ತು. ಗುಂಡು ಹಾರಿಸಿದರೆ ಕೆಳಗಿನ ಠಾಣೆಗೆ ಕೇಳಿಸುತ್ತದೆ. ಕಲ್ಲೆಸೆದರೆ ಮೀರೋ ಆಟ ಎಂದುಕೊಳ್ಳುತ್ತದೆ. ತೆವಳಿ ಪಾರಾಗಲು ನೋಡಿದ ಗಡ್ಡದವನೊಬ್ಬ ಗುದ್ದು ತಿಂದು ಕುಂಟುತ್ತಿದ್ದ. ಯಂತ್ರಕ್ಕೆ ಇಷ್ಟು ಸಿಟ್ಟು ಹೇಗೆ ಬಂತು ಎಂಬ ಅನುಮಾನ ಯಾರಿಗೂ ಹುಟ್ಟಿರಲಿಲ್ಲ.

ಬೆಸ್ನಾ ಟಗರಿನ ಕಿವಿ ಹಿಡಿದು ಪಕ್ಕಕ್ಕೆ ಸರಿಸಿದಳು. ಸೋಸಿನ್ ಹೊರಗೆ ಬಂದಳು. ಕಪ್ಪಗಾಗಿದ್ದಳು, ತೆಳ್ಳಗಾಗಿದ್ದಳು, ಹೆಗಲಲ್ಲಿ ಬಂದೂಕಿತ್ತು. ಎದುರಿಗೆ ಸರ್ಕಾರಿ ಕೋಟು ತೊಟ್ಟ ಸೋದರಮಾವ, ಅವನ ಹೆಗಲಲ್ಲಿ ಕುರಿ. ಗಡ್ಡದವರು ಬಂದೂಕಿಗೆ ಕೈಹಾಕಿದರು. ಫೆಕೋ ಅಕ್ರೋಟ ಅಗಿಯುವುದನ್ನು ನಿಲ್ಲಿಸಿದ. ಹನ್ನೊಂದು ವರ್ಷದಿಂದ ಚೆತೋ ಹೆದರಿದ್ದು ಇದೊಂದೇ ಗಳಿಗೆಗೆ.

"ತಿಂದ್ಯಾ?" ಎಂದ ಅವನು.

ಸೋಸಿನ್ ತಲೆಯಾಡಿಸಿದಳು. "ನಿನ್ನೆಯಿಂದ ಏನೂ ಇಲ್ಲ, ಮಾವ."

ಬೆಸ್ನಾ ಬುತ್ತಿ ಬಿಚ್ಚಿದಳು. ರೊಟ್ಟಿ, ಬೆಟ್ಟದ ಸೊಪ್ಪು ಹಾಕಿದ ಚೀಸ್, ಒಣಗಿಸಿದ ಹಿಪ್ಪುನೇರಳೆ ಹಣ್ಣು. ಅವರು ತಿನ್ನುವ ರಭಸ ನೋಡಿ ಅವಳು ಟಗರಿನ ಪಕ್ಕಕ್ಕೆ ಸರಿದು ಕೂತಳು. ಇಷ್ಟು ಹಸಿದವರು ಎದುರಿಗೇ ತೊಂಬತ್ತು ಕಿಲೋ ಮಾಂಸ ಇಟ್ಟುಕೊಂಡು ಕೂತಿದ್ದರಲ್ಲ, ಯಂತ್ರ ಎಂದುಕೊಂಡಿದ್ದೇ ಒಳ್ಳೆಯದಾಯಿತು ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು.

"ಅಮ್ಮ ಹೇಗಿದಾಳೆ?" ಸೋಸಿನ್ ರೊಟ್ಟಿ ನೋಡುತ್ತಾ ಕೇಳಿದಳು.

"ಮಂಡಿ ನೋವು," ಎಂದ ಚೆತೋ. "ದಿನಾ ನಿನ್ನ ಬೈತಾಳೆ."

"ಏನಂತ?"

"ಬಾಗಿಲು ತೆಗೆದಿಟ್ಟು ಹೋದಳು, ಆರು ವರ್ಷದಿಂದ ನಾನು ಚಿಲಕ ಹಾಕೋಕಾಗ್ತಿಲ್ಲ ಅಂತ."

ಚೆತೋನ ಕಣ್ಣಲ್ಲಿ ನೀರು ತುಂಬಿತು. ಅವನು ಅದನ್ನು ಕೆಜೆಯ ಉಣ್ಣೆಗೆ ಒರೆಸಿಕೊಂಡ.

ಗಂಟೆ ಒಂದೂಕಾಲು. ಫಿರಂಗಿಯ ವಿಷಯ ಇವರಿಗೆ ಹೇಳಿದರೆ ಸರ್ಕಾರಕ್ಕೆ ದ್ರೋಹ, ಹೇಳದಿದ್ದರೆ ಅಕ್ಕನಿಗೆ ದ್ರೋಹ. ಚೆತೋ ತುಸು ಯೋಚಿಸಿ ಕೆಜೆಯ ಮುಖ ತನ್ನ ಕಡೆಗೆ ತಿರುಗಿಸಿಕೊಂಡ. "ನೋಡಮ್ಮಾ ಕೆಜೆ," ಎಂದ ಗಟ್ಟಿಯಾಗಿ, "ನಾಲ್ಕು ಗಂಟೆಗೆ ಈ ಬೆಟ್ಟದ ಮೇಲೆ ಯಾರೂ ಇರಬಾರದು. ಫಿರಂಗಿ ಬೀಳುತ್ತೆ. ನಿನಗೆ ಮಾತ್ರ ಹೇಳ್ತಿದೀನಿ."

ಸೋಸಿನ್ ಎದ್ದು ಮೀರೋನ ಕೊಂಬು ಸವರಿದಳು. "ನೋಡಪ್ಪಾ ಮೀರೋ," ಎಂದಳು, "ನಾವು ಇನ್ನು ಕಾಲು ಗಂಟೆಯಲ್ಲಿ ಹೊರಡ್ತೀವಿ. ಮಾವನಿಗೆ ಹುಷಾರಾಗಿ ಇಳಿಯೋಕೆ ಹೇಳು. ಅಮ್ಮನಿಗೆ ಚಿಲಕ ಹಾಕ್ಬೇಡ ಅಂತ ಹೇಳೋಕೂ ಹೇಳು."

ಇಳಿಯುವಾಗ ಫೆಕೋ ಮುಂದೆ, ಅವನ ಹಿಂದೆ ಕೆಜೆಯನ್ನು ಹೊತ್ತ ಚೆತೋ, ಅವನ ಹಿಂದೆ ಮೀರೋ, ಕೊನೆಗೆ ಮೀರೋನ ಹಗ್ಗ ಸೊಂಟಕ್ಕೆ ಸುತ್ತಿಕೊಂಡ ಬೆಸ್ನಾ. ಕಲ್ಲಿಗೊರಗಿದ್ದ ಬಂದೂಕನ್ನು ಚೆತೋ ಎತ್ತಿಕೊಂಡ. ಲೆಕ್ಕ ಸರಿಯಾಗಿತ್ತು. ಕೆಜೆ ಹೋದಲ್ಲಿಗೆ ಮೀರೋ ಬರುತ್ತಿತ್ತು, ಬೇಡವೆಂದರೂ ಬರುತ್ತಿತ್ತು. ಒಂದೇ ತೊಡಕೆಂದರೆ, ತನ್ನ ಚೆಲುವೆಯನ್ನು ಹೊತ್ತುಕೊಂಡು ಹೋಗುತ್ತಿರುವ ಈ ಗಂಡಸು ಯಾರು ಎಂದು ಮೀರೋಗೆ ಅನ್ನಿಸತೊಡಗಿತ್ತು.

ನೆಲಬಾಂಬಿನ ಇಳಿಜಾರಿನ ನಟ್ಟನಡುವೆ ಅದಕ್ಕೆ ತಾಳ್ಮೆ ತಪ್ಪಿತು.

"ಅತ್ತಿಗೆ, ಹಿಂದೆ ಉಸಿರು ಬಿಡ್ತಿದೆ."

"ಹಿಡ್ಕೊಂಡಿದೀನಿ. ನಡಿ."

ಹಗ್ಗ ಜಾರಿತು. ಮೀರೋ ತಲೆ ತಗ್ಗಿಸಿ ಎರಡೇ ಹೆಜ್ಜೆ ಓಡಿ ಚೆತೋನ ಹಿಂಭಾಗಕ್ಕೆ ಗುದ್ದಿತು.

ಚೆತೋ ಮುಗ್ಗರಿಸಿದ. ಗೊರಸಿನ ದಾರಿ ಬಿಟ್ಟು ಪಕ್ಕಕ್ಕೆ, ಉದ್ದಕ್ಕೆ, ಬೋರಲು ಬಿದ್ದ.

ಯಾರೂ ಉಸಿರಾಡಲಿಲ್ಲ. ಏನೂ ಸಿಡಿಯಲಿಲ್ಲ.

ಚೆತೋ ಮೆಲ್ಲಗೆ ಕಣ್ಣು ತೆರೆದ. ಮೂಗಿನಿಂದ ಒಂದು ಗೇಣು ದೂರದಲ್ಲಿ, ಮಳೆಗೆ ಮಣ್ಣು ತೊಳೆದುಹೋಗಿ, ಹಸಿರು ತಟ್ಟೆಯೊಂದರ ಅಂಚು ಇಣುಕುತ್ತಿತ್ತು.

"ಇದೆ," ಎಂದ ಅವನು.

"ಅಲ್ಲಾಡಬೇಡ," ಎಂದ ಫೆಕೋ.

ಕೆಜೆ ಅವನ ಕತ್ತಿನ ಮೇಲೆ ಕೂತು ಹುಲ್ಲಿಗಾಗಿ ನೋಡುತ್ತಿತ್ತು. ಅದು ಒಂದು ಹೆಜ್ಜೆ ಮುಂದೆ ಇಳಿದರೆ ಎಲ್ಲರೂ ಮುಗಿದ ಹಾಗೆ. ಮೀರೋ ಇನ್ನೊಂದು ಗುದ್ದಿಗೆ ಹಿಂದೆ ಸರಿಯಿತು. ಬೆಸ್ನಾ ಕೊಂಬು ಹಿಡಿದಳು, ಕಾಲು ಜಾರಿತು, ಬೇರೆ ದಾರಿ ಕಾಣದೆ ಟಗರಿನ ಬೆನ್ನ ಮೇಲೆ ಹತ್ತಿ ಕೂತುಬಿಟ್ಟಳು. ಮೀರೋ ಅವಮಾನಗೊಂಡು ನಿಂತುಬಿಟ್ಟಿತು.

"ಅತ್ತಿಗೆ," ಎಂದ ಚೆತೋ ನೆಲಕ್ಕೆ ಮುಖವಿಟ್ಟು, "ಸಾಯೋ ಮುಂಚೆ ಒಂದು ಮಾತು. ಮೊನ್ನೆ ಹೆಲಿಕಾಪ್ಟರಿಗೆ ಹಗ್ಗ ಹರಿದಿದ್ದಲ್ಲ. ನೀನು ಹಾಕಿದ್ದ ಗಂಟನ್ನ ನಾನು ಬಿಚ್ಚಿದ್ದೆ. ಟಗರಿನ ಜೊತೆ ಫೋಟೊ ತೆಗೆಸ್ಕೊಳ್ಳೋಕೆ. ಆಮೇಲೆ ಸಡಿಲ ಕಟ್ಟಿದೆ. ಹೋದ ವರ್ಷ ಜೇನಿನ ಡಬ್ಬಿ ಖಾಲಿ ಮಾಡಿದ್ದೂ ನಾನೇ. ಕರಡಿ ಅಲ್ಲ."

ಟಗರಿನ ಮೇಲೆ ಕೂತ ಬೆಸ್ನಾ ಒಂದು ಕ್ಷಣ ಅವನನ್ನೇ ದಿಟ್ಟಿಸಿದಳು.

"ನಾನು ಆ ಕರಡಿಗೆ ಬಲೆ ಹಾಕಿ ನಾಲ್ಕು ದಿನ ಕಾದಿದ್ದೆ," ಎಂದಳು. "ಮೊದಲು ಎದ್ದೇಳು. ಕೆಳಗೆ ಹೋದ್ಮೇಲೆ ನೋಡ್ಕೋತೀನಿ."

ಫೆಕೋ ತನ್ನ ಗುರುತಿನ ಮೇಲೇ ಕೂತು, ಕೋಲು ಚಾಚಿ, ಅದರ ಕೊಕ್ಕೆಯನ್ನು ಕೆಜೆಯ ಹಿಂಗಾಲಿಗೆ ಹಾಕಿ ಎಳೆದ. ನಲವತ್ತು ವರ್ಷ ಕುರಿ ಹಿಡಿದ ಕೈ ಅದು. ಕುರಿ ಬಂತು. ಆಮೇಲೆ ಚೆತೋ ಬಂದ, ಬಿದ್ದ ಗುರುತಿನಲ್ಲೇ ಅಂಗುಲ ಅಂಗುಲ ಹಿಂದಕ್ಕೆ ತೆವಳುತ್ತಾ. ಗೊರಸಿನ ದಾರಿಗೆ ಕಾಲು ತಾಗಿದಾಗ ಅವನು ಅಲ್ಲಿ ಬಿದ್ದಿದ್ದ ಹಿಕ್ಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಉಳಿದ ದಾರಿಗೆ ಕೆಜೆಯನ್ನು ಫೆಕೋ ಹೊತ್ತ. ಬೆಸ್ನಾ ಟಗರಿನ ಮೇಲಿಂದ ಇಳಿಯಲಿಲ್ಲ.

ಠಾಣೆ ಮುಟ್ಟಿದಾಗ ಮೂರು ಗಂಟೆ ಐವತ್ತು ನಿಮಿಷ. ತಾಯ್ಲಾನ್ ಕೈಗಡಿಯಾರವನ್ನೂ ಬೆಟ್ಟವನ್ನೂ ನೋಡಿ ನೋಡಿ ಸುಸ್ತಾಗಿದ್ದ. ಓಡಿಹೋಗಿ ಫೋನು ಹಿಡಿದು, ಸಂಶಯಾಸ್ಪದ ವಸ್ತುವನ್ನು ವಶಪಡಿಸಿಕೊಳ್ಳಲಾಗಿದೆ ಎಂದ. ಫಿರಂಗಿ ನಿಂತಿತು. ಆದರೆ ವಸ್ತುವನ್ನು ಕೂಡಲೇ ತಮಗೆ ಕಳಿಸಿ ಎಂದು ಮೇಲಿನವರು ಆಜ್ಞೆ ಮಾಡಿದರು. ತಾಯ್ಲಾನ್ ಬೆಸ್ನಾಳ ಮುಖ ನೋಡಿದ. ಆ ಮುಖಕ್ಕೆ ಅನುವಾದ ಬೇಕಿರಲಿಲ್ಲ. ಅವನು ಮೀರೋನ ಹಣೆಯ ಕನ್ನಡಿಯನ್ನಷ್ಟೇ ಬಿಚ್ಚಿಕೊಂಡು, ಡಬ್ಬಿಯಲ್ಲಿಟ್ಟು, ಮೊಹರು ಹಾಕಿಸಿ ಕಳಿಸಿದ.

ಚೆತೋನನ್ನು ಪಕ್ಕಕ್ಕೆ ಕರೆದು ಕೇಳಿದ, "ಮೇಲೆ ಯಾರನ್ನಾದರೂ ಕಂಡೆಯಾ?"

"ಕಂಡೆ ಸಾಹೇಬ್ರೇ," ಎಂದ ಚೆತೋ. "ಸಾವನ್ನ ಕಂಡೆ. ಒಂದು ಗೇಣು ದೂರದಲ್ಲಿತ್ತು."

ತಾಯ್ಲಾನ್ ಅವನ ಮಣ್ಣು ಮೆತ್ತಿದ ಮುಖವನ್ನೂ ಕೆಂಪಗಾದ ಕಣ್ಣನ್ನೂ ನೋಡಿದ. ಟಗರಿನ ಬಣ್ಣ ಮಾತ್ರ ತೊಳೆಯಿರಿ ಎಂದ. ತೊಳೆಯುತ್ತೇವೆ ಎಂದು ಒಪ್ಪಿಕೊಂಡು ಹೊರಟರು. ಹೊಳೆಯಲ್ಲಿ ತೊಳೆದೂ ತೊಳೆದರು. ಕೊಬ್ಬಿನಲ್ಲಿ ಕಲಸಿದ ಬಣ್ಣ ತಣ್ಣೀರಿಗೆ ಜಗ್ಗಲಿಲ್ಲ.

ಶುಕ್ರವಾರ ನಮಾಜಿನ ಮೇಲೆ ಮೀರೋನನ್ನು ಹಿಂಡಿಗೆ ಬಿಟ್ಟರು. ಡೋಲು ಬಾರಿಸಿದರು, ಎಲ್ಲರ ಮೇಲೂ ಒಣಹಣ್ಣು ಚೆಲ್ಲಿದರು. ಚೆತೋ ಅಕ್ಕನ ಪಕ್ಕದಲ್ಲಿ ಕೂತು ಅವಳ ಕಿವಿಯಲ್ಲಿ ಏನೋ ಹೇಳಿದ. ಆ ಮುದುಕಿ ನಗುತ್ತಲೂ ಅಳುತ್ತಲೂ ಅವನ ಬೆನ್ನಿಗೆ ಗುದ್ದಿದಳು.

ಮಾರನೆಯ ದಿನ ಬೆಳಿಗ್ಗೆ ಠಾಣೆಯ ಎದುರಿನ ಇಳಿಜಾರಿನಲ್ಲಿ ಹಿಂಡು ಮೇಯುತ್ತಿತ್ತು. ತಾಯ್ಲಾನ್ ದೂರದರ್ಶಕ ಎತ್ತಿ ನೋಡಿದ. ಟಗರಿನ ಎದೆಯ ಬಣ್ಣ ಎಲ್ಲೆಲ್ಲಿ ಅಂಟಬೇಕೋ ಅಲ್ಲೆಲ್ಲ ಅಂಟಿತ್ತು. ನಾಲ್ಕು ಕುರಿಗಳ ಹಿಂಭಾಗದಲ್ಲಿ ಕೆಂಪು, ಹಳದಿ, ಹಸಿರು. ಭಾನುವಾರ ಒಂಬತ್ತು. ಬುಧವಾರ ಹದಿನೇಳು. ಬಂಡುಕೋರರ ಬಣ್ಣ ಒಂದು ಗುಂಡೂ ಹಾರಿಸದೆ ದಿನದಿನಕ್ಕೆ ಇಳಿಜಾರನ್ನು ಗೆಲ್ಲುತ್ತಿತ್ತು.

"ಬರೀಲಾ ಸರ್?" ಎಂದು ಸಾರ್ಜೆಂಟ್ ಪೆನ್ಸಿಲು ತೆಗೆದ.

"ಏನಂತ ಬರೀತೀಯ?"

ಸಾರ್ಜೆಂಟ್ ಕುರಿಗಳನ್ನು ಇನ್ನೊಮ್ಮೆ ಎಣಿಸಿದ. "ಕುರಿಗಳು ಅಂತ."

"ಹಾಗೇ ಬರಿ," ಎಂದ ತಾಯ್ಲಾನ್.

ನವೆಂಬರ್ ಮೂರನೇ ವಾರ ಶೆಮ್ದಿನ್ ಲಾರಿ ತಂದ. ಅಕ್ಕನನ್ನು ಒಪ್ಪಿಸಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ದೊಡ್ಡಿಯ ಬಾಗಿಲಲ್ಲಿ ನಿಂತು ಹಿಂಡನ್ನು ನೋಡಿದ. ಅವನೂ ಇಂಥದೇ ದೊಡ್ಡಿಯಲ್ಲಿ ಬೆಳೆದವನು, ಬಣ್ಣ ಓದಲು ಬರುತ್ತಿತ್ತು. ಮೂವತ್ತೇಳಕ್ಕೆ ಗುರುತು ಬಿದ್ದಿತ್ತು. ಕೆಜೆ ಒಂದು ಮಾತ್ರ ಆ ಬೆಟ್ಟದ ದಿನದಿಂದ ಮೀರೋನನ್ನು ಹತ್ತಿರ ಸೇರಿಸಿರಲಿಲ್ಲ. ಶೆಮ್ದಿನ್ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ನುಂಗಿ, ಇಷ್ಟನ್ನೂ ಒಬ್ಬಳೇ ಹೇಗೆ ನೋಡ್ಕೋತೀಯ ಎಂದಷ್ಟೇ ಕೇಳಿದ.

"ಒಬ್ಬಳೇ ಯಾಕೆ?" ಎಂದಳು ಬೆಸ್ನಾ. "ಮಾರ್ಚ್ ಕೊನೆಗೆ ಮರಿ ಹಾಕ್ತಾವೆ. ನೀನೂ ಬಾ, ಹೆಂಡ್ತೀನೂ ಕರ್ಕೊಂಡು ಬಾ. ಮೂರನೇ ಮಹಡೀಲಿ ಕೂತು ಏನ್ಮಾಡ್ತೀರಿ."

ಬಂದ ಲಾರಿ ಖಾಲಿ ಹೋಗಬಾರದೆಂದು ಹಿಂದೆ ನಾಲ್ಕು ಡಬ್ಬಿ ಚೀಸ್ ಇಡಿಸಿದಳು. ಬೀದಿಗೆ ಬಂದು ಬೀಳ್ಕೊಡಲು ಅವಳಿಗೆ ಪುರಸೊತ್ತಿರಲಿಲ್ಲ. ಗಾಳಿ ತಣ್ಣಗೆ ತಿರುಗಿತ್ತು, ದೊಡ್ಡಿಯಲ್ಲಿ ಮೂವತ್ತೇಳು ಬಸುರಿಯರು ಕಾಯುತ್ತಿದ್ದರು.